ಕಾಜ್ರೆ ಧಕ್ಕೆಯ ಮೆತ್ತನೆಯ ಬ್ರೇಕು

"ಒತ್ತಿ," ಎಂದಳು ಎಸ್ಪೆರಾನ್ಸಾ.

"ಒತ್ತಿದೆ."

"ಹಿಡ್ಕೊಂಡಿರಿ. ನಾನು ಬಿಡಿ ಅನ್ನೋವರೆಗೂ ಕಾಲು ಎತ್ಬೇಡಿ."

"ಹಿಡ್ಕೊಂಡೇ ಇದೀನಿ ಎಸ್ಪೆರಾನ್ಸಾ ಬಾಯಿ. ಕಾಲು ಜೋಮು ಹಿಡೀತಿದೆ."

ಎಸ್ಪೆರಾನ್ಸಾ ಕಾರಿನ ಚಕ್ರ ಕಳಚಿದ ಜಾಗದಲ್ಲಿ ಕುಕ್ಕುರುಗಾಲಲ್ಲಿ ಕೂತು, ಬ್ರೇಕಿನ ಗಾಳಿ ಹೊರಬಿಡುವ ನಿಪ್ಪಲನ್ನು ತುಸು ಸಡಿಲಿಸಿದಳು. ಅದೇ ಗಳಿಗೆಗೆ ಸೀಟಿನಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ಉಸಗಾಂವ್ಕರ್ ಮೊಣಕಾಲಿಗೆ ಕಚ್ಚಿದ ಸೊಳ್ಳೆಯನ್ನು ಹೊಡೆಯಲು ಕಾಲೆತ್ತಿದರು. ಪ್ಲಾಸ್ಟಿಕ್ ಕೊಳವೆಯಲ್ಲಿ ಹೊರಬರುತ್ತಿದ್ದ ಬ್ರೇಕ್ ಎಣ್ಣೆ ಸರ್ರನೆ ಹಿಂದಕ್ಕೆ ಓಡಿತು. ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

"ಬಿಡಬೇಡಿ ಅಂದಾಗಲೇ ಬಿಡೋದು ನಿಮ್ಮ ಇಲಾಖೆ ಪದ್ಧತೀನಾ?"

"ನಮ್ಮ ಇಲಾಖೇಲಿ ಹಿಡಿದೋರನ್ನ ಬಿಡೋದಿಲ್ಲ. ರುಜಾರನ್ನ ಬಿಟ್ಟಿದೀನಾ?"

ಆ ಹೆಸರು ಕೇಳಿ ಎಸ್ಪೆರಾನ್ಸಾ ತುಟಿ ಕಚ್ಚಿಕೊಂಡಳು. ಹೋದ ವಾರ ಇದೇ ಬಿಳಿ ಕಾರು ಫೆರಿ ಹತ್ತಲೆಂದು ಧಕ್ಕೆಯ ಇಳಿಜಾರಿಗೆ ಬಂದದ್ದು, ನಿಲ್ಲದೆ ನೇರ ನದಿಗೆ ಇಳಿದು ದಾಮಿಯಾಂವ್ ವಾಜ್‌ನನ್ನು ಮುಳುಗಿಸಿತ್ತು. ಅದಕ್ಕೆ ಸ್ವಲ್ಪ ಮೊದಲು ಬ್ರೇಕ್ ರಿಪೇರಿ ಮಾಡಿಕೊಟ್ಟ ರುಜಾರ್ ಮೇಸ್ತ್ರಿ ಈಗ ಲಾಕಪ್ಪಿನಲ್ಲಿದ್ದ.

ವಿಮೆ ಕಂಪನಿಯ ಪರವಾಗಿ ಕಾರು ನೋಡಲು ಬಂದವಳು ಎಸ್ಪೆರಾನ್ಸಾ. ಸಂಜೆಯ ಫೆರಿಗೆ ಕಾರು ಕಾಜ್ರೆ ದ್ವೀಪ ಬಿಟ್ಟು ಪೊಲೀಸರ ಅಂಗಳಕ್ಕೆ ಹೋಗುತ್ತದೆ, ನಾಳೆ ರುಜಾರ್ ಕೋರ್ಟಿಗೆ. ಅಷ್ಟರೊಳಗೆ ಬ್ರೇಕು ಯಾಕೆ ಕೈಕೊಟ್ಟಿತು ಎಂದು ಅವಳು ಹೇಳದಿದ್ದರೆ ಮೇಸ್ತ್ರಿಯ ಅಜಾಗರೂಕತೆ ಎಂದೇ ಬರೆದುಕೊಳ್ಳುತ್ತಾರೆ. ಬೇರೆ ಯಾವ ಮೇಸ್ತ್ರಿಯಾದರೂ ಅವಳಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅವಳ ಅಪ್ಪ ಮಡಗಾಂವಿನಲ್ಲಿ ಗ್ಯಾರೇಜು ಇಟ್ಟಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಮುದಿ ನ್ಯಾಯಾಧೀಶರಿದ್ದರು. ಮಧ್ಯಾಹ್ನ ಮಲಗಿದಾಗ ಒಂದು ಕೂಗು ಕಿವಿಗೆ ಬಿದ್ದರೂ ಬೆತ್ತ ಹಿಡಿದು ಬರುವ ಆಸಾಮಿ. ಅದಕ್ಕೇ ಅಪ್ಪ ಬಾಯಿ ಕಟ್ಟಿಕೊಂಡು ಬ್ರೇಕಿನ ಗಾಳಿ ತೆಗೆಯುವ ಉಪಾಯ ಹೂಡಿದ್ದರು. ಚಕ್ರದ ಜೊತೆ ತಿರುಗುವ ಬ್ರೇಕಿನ ಡಿಸ್ಕಿಗೆ ಸ್ಪ್ಯಾನರಿನಿಂದ ಮೆಲ್ಲಗೆ ಒಂದು ಬಡಿತ ಎಂದರೆ ಒತ್ತಿ ಹಿಡಿ. ಎರಡು ಬಡಿತ ಎಂದರೆ ಬಿಡು.

ಆ ಗ್ಯಾರೇಜಿನಲ್ಲಿ ಕೆಲಸ ಕಲಿತವನು ರುಜಾರ್ ಒಬ್ಬನೇ. ಶಾಲೆಯಿಂದ ಬಂದವಳೇ ಪೆಡಲಿನ ಮೇಲೆ ಕಾಲಿಟ್ಟು ಕೂರುತ್ತಿದ್ದವಳು ಎಸ್ಪೆರಾನ್ಸಾ. ಅಪ್ಪ ತೀರಿಕೊಂಡ ದಿನ ಪೆಟ್ಟಿಗೆಗೆ ಹೆಗಲು ಕೊಟ್ಟು, ಅವಳು ಅತ್ತು ಮುಗಿಸುವವರೆಗೂ ಸ್ಮಶಾನದ ಬಾಗಿಲಲ್ಲಿ ನಿಂತಿದ್ದವನೂ ರುಜಾರನೇ. ಒಡಹುಟ್ಟಿದವರಿಲ್ಲದ ಅವಳಿಗೆ ಅಣ್ಣ ಎಂದರೆ ಅವನು. ಈಗ ಆ ಬಡಿತ ಬಲ್ಲವರು ಅವರಿಬ್ಬರೇ ಉಳಿದಿದ್ದರು, ಇಲ್ಲಿ ಮಾತ್ರ ಈ ಪೊಲೀಸಪ್ಪನಿಗೆ ಪ್ರತಿಯೊಂದನ್ನೂ ಗಂಟಲು ಹರಿಯುವಂತೆ ಕೂಗಿ ಹೇಳಬೇಕು.

"ಇನ್ನೊಂದ್ಸಲ," ಎಂದಳು.

"ಬಾಯಿ, ಹಿಂದಿನ ಚಕ್ರ ಆಯ್ತು, ಮುಂದಿನ ಚಕ್ರ ಆಯ್ತು. ಎಣ್ಣೆ ಬಾಟಲಿ ಖಾಲಿ ಮಾಡಿದ್ದಾಯ್ತು. ಪೆಡಲ್ ನೋಡಿ, ನೆನೆಸಿದ ಪಾವು ಬ್ರೆಡ್ಡಿನ ಮೇಲೆ ಕಾಲಿಟ್ಟ ಹಾಗಿದೆ. ಮನೇಲಿ ನನ್ನ ಮೀನು ಸಾರು ಆರಿ ತಣ್ಣಗಾಗಿರುತ್ತೆ."

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಧಕ್ಕೆಯ ಪಕ್ಕದ ಈ ತಗಡಿನ ದೋಣಿಮನೆ ಒಲೆಯಂತೆ ಕಾದಿತ್ತು. ಹೊರಗೆ ಕಾಜ್ರೆ ಪೂರ್ತಿ ಮಲಗಿತ್ತು. ಅಂಗಡಿ ಬಾಗಿಲು ಹಾಕಿ, ಇಗರ್ಜಿಯ ಬಾಗಿಲು ಹಾಕಿ, ನಾಯಿಯೂ ಸಹ ಬೊಗಳುವುದನ್ನು ಮುಂದಕ್ಕೆ ಹಾಕಿ ಮಲಗುವ ಮಧ್ಯಾಹ್ನದ ಹೊತ್ತು ಅದು. ಮೈಯೆಲ್ಲ ಎಣ್ಣೆ, ಕೂದಲಲ್ಲಿ ಒಣಮೀನಿನ ವಾಸನೆ, ತಲೆಯೊಳಗೆ ಉತ್ತರವಿಲ್ಲದ ಒಂದೇ ಪ್ರಶ್ನೆ. ಎಸ್ಪೆರಾನ್ಸಾಳಿಗೆ ಸ್ಪ್ಯಾನರು ಎತ್ತಿ ನದಿಗೆ ಬಿಸಾಡುವಷ್ಟು ಸಿಟ್ಟು ಬಂದಿತ್ತು.

ಎಲ್ಲೂ ಸೋರಿಕೆ ಇಲ್ಲ. ಪೆಡಲನ್ನು ಒತ್ತಿ ಹಿಡಿದರೆ ಕೆಳಕ್ಕೆ ಜಾರುವುದಿಲ್ಲ, ಎಂದರೆ ಎಣ್ಣೆಯನ್ನು ತಳ್ಳುವ ಮುಖ್ಯ ಸಿಲಿಂಡರು ಸರಿಯಾಗಿದೆ. ಬಡಬಡನೆ ತುಳಿದರೆ ಸ್ವಲ್ಪ ಮೇಲೆ ಬರುತ್ತದೆ, ಎಂದರೆ ಒಳಗೆಲ್ಲೋ ಗಾಳಿ ಇದೆ. ಗಾಳಿ ಇದ್ದರೆ ನಿಪ್ಪಲ್ ಬಿಚ್ಚಿದಾಗ ಗುಳ್ಳೆ ಬರಬೇಕು. ಒಂದೇ ಒಂದು ಗುಳ್ಳೆ ಇಲ್ಲ.

"ಸರಿ, ಬೇರೆ ದಾರಿ ನೋಡೋಣ," ಎಂದು ಅವಳು ಹಿಂದಿನ ಚಕ್ರಗಳಿಗೆ ಹೋಗುವ ರಬ್ಬರ್ ಕೊಳವೆಗೆ ಬಟ್ಟೆ ಸುತ್ತಿ ಇಕ್ಕಳದಿಂದ ಬಿಗಿಯಾಗಿ ಹಿಸುಕಿದಳು. "ಈಗ ತುಳೀರಿ."

"ಅದೇ ಪಾವು."

ಇಕ್ಕಳವನ್ನು ಬಿಚ್ಚಿ ತಂದು, ಇನ್ನೊಂದನ್ನೂ ಸೇರಿಸಿ, ಮುಂದಿನ ಎರಡು ಕೊಳವೆಗಳನ್ನೂ ಹಿಸುಕಿದಳು. "ಈಗ?"

ಉಸಗಾಂವ್ಕರ್ ತುಳಿದು, ಇನ್ನೊಮ್ಮೆ ತುಳಿದು, ಕಾಲಿನ ಕಡೆಗೇ ಬಗ್ಗಿ ನೋಡಿದರು. "ಕಲ್ಲಾಯ್ತಲ್ಲ."

ಅಂದರೆ ಗಾಳಿ ಇರುವುದು ಮುಂದಿನ ಕ್ಯಾಲಿಪರುಗಳಲ್ಲಿ, ಡಿಸ್ಕನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಆ ಎರಡು ಕಬ್ಬಿಣದ ಮುಷ್ಟಿಗಳಲ್ಲಿ. ಎಸ್ಪೆರಾನ್ಸಾ ಟಾರ್ಚು ಹಿಡಿದು ಎಡಗಡೆಯದರ ಮುಂದೆ ನೆಲಕ್ಕೆ ಮಲಗಿದಳು. ಆಮೇಲೆ ಎದ್ದು ಬಲಗಡೆಗೆ ಹೋಗಿ ಅಲ್ಲೂ ಮಲಗಿದಳು. ಆಮೇಲೆ ಸುಮ್ಮನೆ ಎದ್ದು ಕೂತು ತನ್ನ ಹಣೆಯನ್ನು ತಾನೇ ಚಚ್ಚಿಕೊಂಡಳು.

"ಏನಾಯ್ತು?"

"ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತು, ಅಷ್ಟೆ. ನಿಪ್ಪಲ್ ಎತ್ತ ಮುಖ ಮಾಡಿದೆ ನೋಡಿ."

ಉಸಗಾಂವ್ಕರ್ ಇಳಿದು ಬಂದು ಬಗ್ಗಿದರು. "ನೆಲ ನೋಡ್ತಿದೆ."

"ಆಕಾಶ ನೋಡ್ಬೇಕಿತ್ತು. ಗಾಳಿ ಯಾವಾಗ್ಲೂ ಮೇಲೆ ಹೋಗಿ ಕೂರುತ್ತೆ. ಬಾಟಲಿ ತಲೆಕೆಳಗೆ ಹಿಡಿದು ಬಿರಡೆ ಸಡಿಲ ಮಾಡಿದ್ರೆ ಎಣ್ಣೆ ಬರುತ್ತೆ, ಗಾಳಿ ಒಳಗೇ ಉಳಿಯುತ್ತೆ. ವರ್ಷವಿಡೀ ತೆಗೆದ್ರೂ ಅಷ್ಟೆ. ಎಡಗಡೆ ಕ್ಯಾಲಿಪರ್ ಬಲಕ್ಕೆ ಹಾಕಿದಾರೆ, ಬಲಗಡೇದು ಎಡಕ್ಕೆ."

ಬೆಳಗಿನಿಂದ ಅದೇ ನಿಪ್ಪಲಿಗೆ ಕೊಳವೆ ಸಿಕ್ಕಿಸುತ್ತ ಕೂತಿದ್ದವಳು ಅವಳು. ಆದರೂ ಸಿಕ್ಕಿತಲ್ಲ ಎಂದು ಎದೆ ಹಗುರಾಯಿತು. ಉಸಗಾಂವ್ಕರ್ ಬಾಯಿ ತೆರೆಯುವವರೆಗೆ ಹಗುರಾಗಿಯೇ ಇತ್ತು.

"ಭೇಷ್. ಕೊನೇಲಿ ಇದನ್ನ ಬಿಚ್ಚಿ ಹಾಕಿದೋನು ರುಜಾರ್. ಎಡ ಬಲ ಗೊತ್ತಾಗದ ಮೇಸ್ತ್ರಿ. ನನ್ನ ಚಾರ್ಜ್‌ಶೀಟಿಗೆ ಇದೊಂದೇ ಕಮ್ಮಿ ಇತ್ತು, ದೇವರು ನಿಮ್ಮನ್ನ ಚೆನ್ನಾಗಿಡಲಿ."

ಅವಳು ಬೆಳಗಿನಿಂದ ಬೆವರು ಸುರಿಸಿ ಅಗೆದದ್ದು ರುಜಾರನ ಗುಂಡಿಯನ್ನೇ. ರೇಗಿ, ಎಡಗಡೆಯ ಕ್ಯಾಲಿಪರನ್ನು ಕಿತ್ತು ತೆಗೆಯಲೆಂದು ಹಿಂಬದಿಯ ಬೋಲ್ಟಿಗೆ ಸ್ಪ್ಯಾನರು ಹಾಕಿದಾಗ ಟಾರ್ಚಿನ ಬೆಳಕಿಗೆ ಒಂದು ಕೆಂಪು ಗೆರೆ ಕಂಡಿತು.

ಉಗುರುಬಣ್ಣ.

"ಇಲ್ಲಿ ಬನ್ನಿ," ಎಂದಳು. "ರುಜಾರ್ ಬೋಲ್ಟ್ ಬಿಗಿದ ಮೇಲೆ ಹೆಂಡ್ತಿ ಉಗುರುಬಣ್ಣದಲ್ಲಿ ಗೆರೆ ಎಳೀತಾನೆ. ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೂ ಒಂದೇ ಗೆರೆ. ಬೋಲ್ಟ್ ತಾನಾಗಿ ಸಡಿಲಾದ್ರೆ ಗೆರೆ ಮುರಿಯುತ್ತೆ, ಕಣ್ಣಿಗೆ ಕಾಣುತ್ತೆ. ಅವನ ಗ್ಯಾರೇಜಿಗೆ ಹೋದ ಯಾವ ಕಾರು ಬೇಕಾದ್ರೂ ನೋಡಿ."

"ಇಲ್ಲೂ ಗೆರೆ ಇದೆಯಲ್ಲ."

"ಬೋಲ್ಟಿನ ಮೇಲಿನ ಗೆರೆ ಒಂದು ಕಡೆಗಿದೆ. ಕಬ್ಬಿಣದ ಮೇಲಿನ ಗೆರೆ ಇನ್ನೊಂದು ಕಡೆಗಿದೆ. ಬ್ರೇಕ್ ಎಣ್ಣೆ ಬಿದ್ದ ಕಡೆ ಬಣ್ಣ ಕರಗಿದೆ, ಹಿಂದುಗಡೆ ಉಳ್ಕೊಂಡಿದೆ. ರುಜಾರ್ ಬಿಗಿದು ಗೆರೆ ಎಳೆದು ಕಳಿಸಿದ ಮೇಲೆ ಯಾರೋ ಇದನ್ನ ಬಿಚ್ಚಿದಾರೆ."

ಉಸಗಾಂವ್ಕರ್ ನಾಲ್ಕೂ ಬೋಲ್ಟುಗಳನ್ನು ತಾವೇ ನೋಡಿದರು. ಎದ್ದು ನಿಂತು ಕೈ ಒರೆಸಿಕೊಂಡರು. "ಕೊಲ್ಲೋರು ಇಷ್ಟು ಕಷ್ಟ ಯಾಕೆ ಪಡ್ತಾರೆ? ಕೊಳವೆ ಕತ್ತರಿಸಿ ಹೋಗ್ಬಹುದಿತ್ತಲ್ಲ."

"ಕತ್ತರಿಸಿದ್ರೆ ಪೆಡಲ್ ಮನೆ ಮುಂದೇನೇ ನೆಲ ಮುಟ್ಟುತ್ತೆ, ಕಾರು ಹೊರಡೋದೇ ಇಲ್ಲ. ಇದು ಹಾಗಲ್ಲ. ದ್ವೀಪದ ರಸ್ತೆ ಸಪಾಟು, ಅಲ್ಲಿ ಹೇಗೋ ನಿಲ್ಲುತ್ತೆ. ಪೆಡಲ್ ಮೆತ್ತಗಿದೆ ಅಂತ ಓಡಿಸೋನಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ಏನು ಮಾಡ್ತಾನೆ?"

"ರುಜಾರ್ ಹತ್ರ ತಗೊಂಡ್ಹೋಗ್ತಾನೆ."

"ರುಜಾರ್ ಇರೋದು ನದಿಯಾಚೆ. ಆಚೆ ಹೋಗೋಕೆ ಧಕ್ಕೆ ಇಳೀಬೇಕು."

ಉಸಗಾಂವ್ಕರ್ ತಗಡಿನ ಬಾಗಿಲಿನಿಂದ ಹೊರಗೆ ನೋಡಿದರು. ಪಾಚಿ ಕಟ್ಟಿದ ಇಳಿಜಾರು ಬಿಸಿಲಲ್ಲಿ ನದಿಯವರೆಗೂ ಇಳಿದು ನೀರೊಳಗೆ ಮರೆಯಾಗಿತ್ತು.

"ಇನ್ನೊಂದು," ಎಂದಳು ಎಸ್ಪೆರಾನ್ಸಾ. "ಕ್ಯಾಲಿಪರ್ ಬಿಚ್ಚಿದ್ರೆ ಎಣ್ಣೆ ಎಲ್ಲ ಸುರಿದುಹೋಗುತ್ತೆ. ಪೆಡಲ್ ಇಷ್ಟಾದ್ರೂ ನಿಲ್ಲಬೇಕಾದ್ರೆ ಮತ್ತೆ ತುಂಬಿ ತುಳಿದಿರಲೇಬೇಕು. ಕೆಳಗೆ ಒಬ್ರು, ಪೆಡಲ್ ಮೇಲೆ ಒಬ್ರು. ಇದು ಇಬ್ಬರ ಕೆಲಸ."

"ಇನ್ನೂ ಮುಗೀಲಿಲ್ವಾ ನಿಮ್ಮ ಕೆಲಸ?"

ಬಾಗಿಲಲ್ಲಿ ಕ್ಲೆಮೆಂತಿನಾ ನಿಂತಿದ್ದಳು, ಸತ್ತ ದಾಮಿಯಾಂವ್‌ನ ಹೆಂಡತಿ. ಗಿಡ್ಡ ಹೆಂಗಸು, ಮೈಮೇಲೆ ಹೊಸ ಕಪ್ಪು ಬಟ್ಟೆ. ಹಿಂದೆ ಚಡ್ಡಿ ತೊಟ್ಟು ಆಕಳಿಸುತ್ತ ನಿಂತವನು ದಾಮಿಯಾಂವ್‌ನ ತಮ್ಮನ ಮಗ ಎವೆರಿಸ್ಟ್, ಪ್ರವಾಸಿಗಳಿಗೆ ಸ್ಕೂಟರು ಬಾಡಿಗೆಗೆ ಕೊಡುವವನು. ನದಿದಂಡೆಯ ತೆಂಗಿನ ತೋಟವನ್ನು ಹೋಟೆಲಿನವರಿಗೆ ಮಾರೋಣ ಎಂದು ಇಬ್ಬರೂ ವರ್ಷದಿಂದ ದಾಮಿಯಾಂವ್‌ನ ತಲೆ ತಿಂದಿದ್ದರು. ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ಈ ಸುದ್ದಿ ಹೇಳದವರು ಕಾಜ್ರೆಯಲ್ಲಿ ಯಾರೂ ಇರಲಿಲ್ಲ.

"ಮಲಗೋ ಹೊತ್ತಲ್ಲಿ ಒತ್ತಿ, ಬಿಡಿ, ಒತ್ತಿ, ಬಿಡಿ ಅಂತ ಅರಚಾಟ," ಎಂದಳು ಕ್ಲೆಮೆಂತಿನಾ. "ಪಾಶ್ಕೊಲಿನ್ ಅಜ್ಜಿ ನನ್ನ ಬಾಗಿಲಿಗೆ ಬಂದು ಬೈದು ಹೋದ್ಲು. ಗಂಡ ಸತ್ತೋಳಿಗೆ ನಿದ್ದೆಯೂ ಬೇಡ್ವಾ?"

"ಆ ಅಜ್ಜಿ ಬೆಳಿಗ್ಗೆ ನಂಗೂ ಸಿಕ್ಕಿದ್ರು. ಹೋದ ವಾರಾನೂ ಮಧ್ಯಾಹ್ನ ನಿಮ್ಮ ಮನೆ ಹಿಂದೆ ಟಿಣ್ ಟಿಣ್ ಅಂತ ಸದ್ದು ಕೇಳಿಸಿ ನಿದ್ದೆ ಕೆಟ್ಟಿತಂತೆ."

"ಅವಳಿಗೆ ಸತ್ತ ಗಂಡ ಗೊರಕೆ ಹೊಡೆಯೋದೂ ಕೇಳಿಸುತ್ತೆ. ಅದನ್ನೂ ಬರ್ಕೊಳ್ಳಿ."

ಎವೆರಿಸ್ಟ್ ಕಿಸಕ್ಕನೆ ನಕ್ಕ. ಎಸ್ಪೆರಾನ್ಸಾ ಅವನ ಕೈಬೆರಳುಗಳನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸಿತ್ತು.

"ದಾಮಿಯಾಂವ್ ಮಧ್ಯಾಹ್ನ ಮಲಗ್ತಿದ್ರಾ?" ಎಂದು ಕ್ಲೆಮೆಂತಿನಾಳನ್ನು ಕೇಳಿದಳು.

"ಮಲಗಿದ್ರೆ ತೋಪು ಹಾರಿಸಿದ್ರೂ ಏಳೋರಲ್ಲ. ಹಡಗಿನ ಎಂಜಿನ್ ಪಕ್ಕ ಮಲಗಿ ಅಭ್ಯಾಸ."

"ಕಾರು ಎಲ್ಲಿ ನಿಲ್ತಿತ್ತು?"

"ಹಿತ್ತಲಲ್ಲಿ, ಹಲಸಿನ ಮರದ ಕೆಳಗೆ. ಯಾಕೆ?"

"ಆ ಮರದ ಕೆಳಗೆ ಮಧ್ಯಾಹ್ನ ಇಬ್ರು ಈ ಬ್ರೇಕ್ ಬಿಚ್ಚಿ ಹಾಕಿದಾರೆ. ಒಬ್ರು ಕೆಳಗೆ, ಒಬ್ರು ಸೀಟಲ್ಲಿ."

ಎವೆರಿಸ್ಟ್‌ನ ಆಕಳಿಕೆ ಅರ್ಧಕ್ಕೇ ನಿಂತಿತು.

"ನನ್ನ ಕಡೆ ಯಾಕೆ ನೋಡ್ತೀರಿ?" ಎಂದ ಅವನು. "ನಾನು ಸ್ಕೂಟರಿಗೆ ಪಂಕ್ಚರ್ ಹಾಕೋನು. ಕಾರಿನ ಬ್ರೇಕು ನಂಗೇನು ಗೊತ್ತು?"

"ನಾನು ಯಾರ ಹೆಸರೂ ಹೇಳ್ಲಿಲ್ಲ. ಬಾಯಿ, ನೀವು ಕಾರು ಓಡಿಸ್ತೀರಾ?"

"ನಾನಾ?" ಕ್ಲೆಮೆಂತಿನಾ ಹುಬ್ಬೇರಿಸಿದಳು. "ಆ ಸೀಟಲ್ಲಿ ಒಂದು ದಿನ ಕೂತವಳಲ್ಲ. ಹಿಂದಿನ ಸೀಟು, ಮಡಿಲಲ್ಲಿ ಮೀನಿನ ಚೀಲ. ಮದುವೆಯಾದಾಗಿನಿಂದ ಅಷ್ಟೇ ನನ್ನ ಕಾರು."

ಅವಳು ಉಸಗಾಂವ್ಕರ್ ಕಡೆ ತಿರುಗಿದಳು. "ಆ ಮೇಸ್ತ್ರಿಗೆ ಲಾಕಪ್ಪಲ್ಲಿ ಊಟ ಗೀಟ ಸರಿಯಾಗಿ ಕೊಡ್ತೀರಾ?"

"ಕೊಡ್ತೀವಿ. ನಿಮಗ್ಯಾಕೆ ಆ ಚಿಂತೆ?"

"ಚಿಂತೆ ಏನಿಲ್ಲ. ನನ್ನ ಗಂಡನ್ನ ಕೊಂದೋನು ಉಪವಾಸ ಇದಾನಾ ಅಂತ ತಿಳ್ಕೋಬೇಕಿತ್ತು."

ತಪ್ಪು ಮಾಡದವನನ್ನು ಒಳಗೆ ಹಾಕಿಸಿದವಳ ಮನಸ್ಸು ಚುಚ್ಚುತ್ತಿದೆ ಎಂದುಕೊಂಡಳು ಎಸ್ಪೆರಾನ್ಸಾ. ಅವಳ ಲೆಕ್ಕಾಚಾರ ಈಗ ಸರಸರನೆ ಸಾಗಿತು. ಕೆಳಗೆ ಎವೆರಿಸ್ಟ್, ಸೀಟಿನಲ್ಲಿ ಕ್ಲೆಮೆಂತಿನಾ. ಅದನ್ನು ತೋರಿಸುವುದು ಹೇಗೆ ಎಂಬುದೂ ಹೊಳೆಯಿತು. ಹಿಂದೆಂದೂ ಈ ಕೆಲಸ ಮಾಡದವರು ಪೆಡಲನ್ನು ಬೇಗ ಬಿಟ್ಟೇ ಬಿಡುತ್ತಾರೆ, ಉಸಗಾಂವ್ಕರ್ ಬಿಟ್ಟ ಹಾಗೆ. ಬಿಡಬಾರದು ಎಂಬುದು ಕಾಲಿಗೆ ರೂಢಿಯಾಗಿರಬೇಕು.

"ಕಾರು ಸಂಜೆ ಹೋಗ್ಬೇಕಾದ್ರೆ ಬ್ರೇಕ್ ಸರಿಯಾಗ್ಬೇಕು," ಎಂದಳು. "ಇಳಿಜಾರಲ್ಲಿ ಇನ್ನೊಂದ್ಸಲ ನದಿಗೆ ಹೋದ್ರೆ ಯಾರು ಹೊಣೆ? ಸ್ವಲ್ಪ ಕೈ ಹಾಕಿ."

ಎರಡು ಕ್ಯಾಲಿಪರುಗಳನ್ನೂ ಬಿಚ್ಚಿ, ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಕೂರಿಸುವಷ್ಟರಲ್ಲಿ ಅವಳ ಬೆರಳ ಗಂಟುಗಳ ಚರ್ಮ ಕಿತ್ತಿತ್ತು. ನಿಪ್ಪಲುಗಳು ಈಗ ಆಕಾಶ ನೋಡುತ್ತಿದ್ದವು. ಇನ್ನೊಂದು ಬಾಟಲಿ ಬಿಚ್ಚಿ ಹೊಸ ಎಣ್ಣೆ ತುಂಬಿ, ಮೊದಲು ಎಡಗಡೆಗೆ ಕೂತು, ಎವೆರಿಸ್ಟ್‌ನನ್ನು ಸೀಟಿಗೆ ಹತ್ತಿಸಿದಳು.

"ಒತ್ತು."

ಅವನು ಒದ್ದ. ಅವಳು ಸಡಿಲಿಸುವ ಮೊದಲೇ ಬಿಟ್ಟ.

"ಹಿಡ್ಕೋ ಅಂದೆ."

"ಹಿಡ್ಕೊಂಡೆನಲ್ಲ."

"ಬಿಟ್ಟೆ."

"ಒತ್ತಿದ ಮೇಲೆ ಬಿಡದೆ ಇನ್ನೇನು, ಅಲ್ಲೇ ಮನೆ ಕಟ್ಲಾ?"

ಮತ್ತೆ ಅದೇ. ಅದಾದ ಮೇಲೂ ಅದೇ. ಕೊಳವೆಯಲ್ಲಿ ಗುಳ್ಳೆ ಮುಂದಕ್ಕೆ ಬರುವುದು, ಹಿಂದಕ್ಕೆ ಓಡುವುದು. ಬೇಕೆಂದೇ ನಾಟಕ ಆಡುತ್ತಿದ್ದಾನೋ, ನಿಜಕ್ಕೂ ಪೆದ್ದನೋ ತಿಳಿಯದೆ ಎಸ್ಪೆರಾನ್ಸಾಳ ನೆತ್ತಿ ಬಿಸಿಯಾಯಿತು. ಉಸಗಾಂವ್ಕರ್ ಪಕ್ಕದಲ್ಲಿ ನಿಂತು, ಹೀಗಲ್ಲ ಹಾಗೆ ಎಂದು ಪಾಠ ಬೇರೆ ಹೇಳತೊಡಗಿದರು. ಎಡಗಡೆಯದನ್ನು ಹೇಗೋ ಮುಗಿಸಿ ಬಲಗಡೆಗೆ ಬಂದರೆ ಎವೆರಿಸ್ಟ್ ಸೊಂಟ ಹಿಡಿದುಕೊಂಡು ಇಳಿದೇ ಬಿಟ್ಟ.

"ಸಾಯ್ಬಾ ದೇವರೇ, ಎಂಥ ಗಂಡಸರಪ್ಪ," ಎಂದಳು ಕ್ಲೆಮೆಂತಿನಾ. ಅವಳ ತಾಳ್ಮೆಯೂ ಸುಟ್ಟುಹೋಗಿತ್ತು. "ಒಂದು ಪೆಡಲ್ ತುಳಿಯೋಕೆ ಇಬ್ರಿಗೂ ಆಗ್ಲಿಲ್ಲ. ಸರೀರಿ ಆಚೆ. ಈ ಹಾಳು ಕಾರು ನನ್ನ ಕಣ್ಣ ಮುಂದಿಂದ ಹೋದ್ರೆ ಸಾಕು."

ಅವಳು ಸೀಟಿಗೆ ಹತ್ತಿದಳು. ಕೈ ನೇರ ಸೀಟಿನ ಕೆಳಗೆ ಹೋಗಿ, ಹುಡುಕದೆ, ಹಿಡಿಯನ್ನು ಎಳೆದು ಸೀಟನ್ನು ಮುಂದಕ್ಕೆ ಸರಿಸಿಕೊಂಡ ಸದ್ದು ಕೇಳಿಸಿತು. ಉಸಗಾಂವ್ಕರ್ ಎಸ್ಪೆರಾನ್ಸಾಳ ಕಡೆ ನೋಡಿದರು. ಅವಳು ನೋಡದವಳಂತೆ ಕೆಳಗೆ ಬಗ್ಗಿದಳು. ರುಜಾರ್ ನಾಳೆ ಮನೆಗೆ ಬರುತ್ತಾನೆ.

ಕೂಗಿ ಕೂಗಿ ಗಂಟಲು ಒಣಗಿತ್ತು. ಕೊಳವೆ ಸಿಕ್ಕಿಸಿ, ಸಡಿಲಿಸಿ, ಬಿಗಿದು, ಅವಳು ಕೆಲಸದೊಳಗೆ ಮುಳುಗಿದಳು. ಈ ಬಾರಿ ಎಲ್ಲ ಬೆಣ್ಣೆಯಂತೆ ಸಾಗಿತು. ಗುಳ್ಳೆಗಳು ಸಾಲಾಗಿ ಬಂದವು, ಒಂದೂ ಹಿಂದಕ್ಕೆ ಹೋಗಲಿಲ್ಲ. ಕ್ಲೆಮೆಂತಿನಾ ಒತ್ತಿದಳು, ಹಿಡಿದಳು, ಬೇಕಾದಾಗ ಬಿಟ್ಟಳು. ಮತ್ತೆ ಒತ್ತಿದಳು. ಎಣ್ಣೆ ತಿಳಿಯಾಯಿತು. ಇಷ್ಟು ಚೆನ್ನಾಗಿ ಪೆಡಲ್ ತುಳಿಯುವವರನ್ನು ಅಪ್ಪನ ಗ್ಯಾರೇಜು ಬಿಟ್ಟ ಮೇಲೆ ಅವಳು ಕಂಡಿರಲಿಲ್ಲ.

ನಿಪ್ಪಲನ್ನು ಕೊನೆಯ ಸಲ ಬಿಗಿದಾಗ ಅವಳಿಗೆ ಒಂದು ಸಂಗತಿ ಹೊಳೆಯಿತು.

ಬಲಗಡೆಗೆ ಬಂದ ಮೇಲೆ ಅವಳು ಬಾಯೇ ತೆರೆದಿರಲಿಲ್ಲ. ಒತ್ತಿ ಎಂದಿರಲಿಲ್ಲ, ಬಿಡಿ ಎಂದಿರಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರು ಹಳೆಯ ರೂಢಿಯಂತೆ ಡಿಸ್ಕನ್ನು ತಾನಾಗಿ ಬಡಿಯುತ್ತಿತ್ತು. ಒಂದು ಸಲ. ಎರಡು ಸಲ.

ಪಾಶ್ಕೊಲಿನ್ ಅಜ್ಜಿ ಕೇಳಿಸಿಕೊಂಡ ಟಿಣ್ ಟಿಣ್ ಸದ್ದು ಯಾವುದೆಂದು ಅವಳಿಗೆ ಈಗ ಗೊತ್ತಾಯಿತು. ಇಲ್ಲ, ಕಾಕತಾಳೀಯ ಇರಬೇಕು. ಕ್ಲೆಮೆಂತಿನಾ ಬುದ್ಧಿವಂತೆ, ಅಂದಾಜಿನ ಮೇಲೆ ತುಳಿದಿರಬೇಕು. ಆ ಬಡಿತವನ್ನು ಅಪ್ಪ ಕಲಿಸಿದ್ದು ಇಬ್ಬರಿಗೆ. ತಾನಂತೂ ಯಾರಿಗೂ ಹೇಳಿಕೊಟ್ಟವಳಲ್ಲ.

"ಮುಗೀತಾ ಬಾಯಿ?" ಎಂದರು ಉಸಗಾಂವ್ಕರ್.

"ಒಂದು ನಿಮಿಷ."

ಚಕ್ರವಿಲ್ಲದ ಕಾರು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಎಸ್ಪೆರಾನ್ಸಾ ಎಡಗೈಯಿಂದ ಡಿಸ್ಕನ್ನು ಮೆಲ್ಲಗೆ ತಿರುಗಿಸಿದಳು. ಅದು ಕರಕರ ಎನ್ನುತ್ತ ತಿರುಗಿತು. ಒಳಗೆ ಕೂತ ಕ್ಲೆಮೆಂತಿನಾ ತನ್ನ ಉಡುಪಿನ ಅಂಚು ನೋಡುತ್ತ, ಬೇಸರದಿಂದ ಯಾರ ಮಾತಿಗಾಗಿಯೋ ಕಾಯುತ್ತಿದ್ದಳು.

ತಿರುಗುತ್ತಲೇ ಇರಲಿ ದೇವರೇ, ಎಂದುಕೊಂಡಳು ಎಸ್ಪೆರಾನ್ಸಾ. ಬಲಗೈಯ ಸ್ಪ್ಯಾನರಿನಿಂದ ಡಿಸ್ಕಿಗೆ ಒಂದೇ ಒಂದು ಸಲ, ಮೆಲ್ಲಗೆ ಬಡಿದಳು.

ಡಿಸ್ಕು ಅವಳ ಕೈಯಲ್ಲಿ ಗಕ್ಕನೆ ನಿಂತಿತು.